ಮೊಲೊಕಾಯಿ ದ್ವೀಪದ ಸಂತ ದಾಮಿಯನ್

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭಾವಸರದಲ್ಲಿ ಸ್ಮರಣ ಸಂಚಿಕೆಯ ಸಮಿತಿಯವರು ನಮ್ಮಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದರು. ದೇವಾಲಯದ ಇತಿಹಾಸವನ್ನೂ ಹಿಂದಿನ ವಿಚಾರಣಾ ಗುರುಗಳ ಸೇವೆಯನ್ನೂ ಕುರಿತು ಬೇರೆಯವರು ನಮಗಿಂತ ಚೆನ್ನಾಗಿ ಬರೆಯಬಲ್ಲರು. ಆದುದರಿಂದ ನಾವು ಈ ಊರನ್ನಾಗಲಿ ಈ ದೇಶವನ್ನಾಗಲಿ ಎಂದೂ ಕಾಣದ ಒಬ್ಬ ಗುರುವಿನ ಜೀವನವನ್ನು ಪ್ರಿಯ ವಿಶ್ವಾಸಿಗಳ ಮುಂದಿಡಲು ಮನಸ್ಸು ಮಾಡಿದೆವು. ಅದಕ್ಕೊಂದು ಕಾರಣವುಂಟು. ಮದುವೆಗೆ ಸಿದ್ಧರಾಗಿ ನಮ್ಮ ಬಳಿ ಉಪದೇಶಕ್ಕೆ ಬರುವ ಯುವಕ ಯುವತಿಯರು ನಿಜವಾದ ಪ್ರೀತಿಯೆಂದರೇನು ಎಂದು ಕೇಳುವುದುಂಟು. ಧರ್ಮೋಪದೇಶದ ಪುಸ್ತಕದಲ್ಲಿರುವ ಉತ್ತರವನ್ನು ನಾವು ಹೇಳಿ ಕಳುಹಿಸುತ್ತೇವೆ. ಆದರೆ ಆ ಉತ್ತರವನ್ನು ಹೇಳುವಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವವರು ಮದುವೆಯನ್ನೇ ಆಗದ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ವಿರೂಪಗೊಂಡ ಮುಖದಿಂದ ತೀರಿಕೊಂಡ ಒಬ್ಬ ಬೆಲ್ಜಿಯಂ ದೇಶದ ರೈತನ ಮಗ.

ಅವರ ಬಾಲ್ಯದ ಹೆಸರು ಯೋಸೇಫ್ ದೆ ವೂಸ್ಟರ್. ಹುಟ್ಟಿದ್ದು 1840ನೆಯ ಇಸವಿ ಜನವರಿ 3ರಂದು, ಟ್ರೆಮೆಲೊ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯದ ಜೊತೆಗೆ ಧಾನ್ಯದ ವ್ಯಾಪಾರವನ್ನೂ ಮಾಡುತ್ತಿದ್ದರು. ಮಕ್ಕಳು ಅನೇಕ, ಅವರಲ್ಲಿ ಕೆಲವರು ಆಗಲೇ ಧಾರ್ಮಿಕ ಜೀವನಕ್ಕೆ ಹೋಗಿದ್ದರು. ಗಟ್ಟಿಮುಟ್ಟಾದ ಮೈಕಟ್ಟಿನ ಈ ಹುಡುಗನಾದರೂ ವ್ಯಾಪಾರವನ್ನು ನೋಡಿಕೊಳ್ಳಲಿ ಎಂದು ತಂದೆಯ ಆಸೆ. ಅದಕ್ಕಾಗಿ ಫ್ರೆಂಚ್ ಭಾಷೆಯನ್ನು ಕಲಿಯಲು ಬ್ರೇನ್ ಎಂಬ ಊರಿನ ಶಾಲೆಗೂ ಕಳುಹಿಸಿದರು. ಹುಡುಗನ ಮನಸ್ಸು ಮಾತ್ರ ಅಣ್ಣನ ದಾರಿಯಲ್ಲಿತ್ತು. ಅಣ್ಣ ಪಾಂಫಿಲ್ ಲೂವೆನ್ ನಗರದಲ್ಲಿ ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿದ್ದರು. 1859ರಲ್ಲಿ ಯೋಸೇಫರೂ ಅದೇ ಸಭೆಯನ್ನು ಸೇರಿ, ವೈದ್ಯರಾಗಿದ್ದು ರಕ್ತಸಾಕ್ಷಿಗಳಾದ ಸಂತ ದಾಮಿಯನ್ನರ ಹೆಸರನ್ನು ತಮ್ಮದಾಗಿ ಮಾಡಿಕೊಂಡರು.

ಓದಿನಲ್ಲಿ ಹಿಂದೆ ಎಂದು ಮೇಲಿನವರು ಅವರನ್ನು ಮೊದಲು ಗುರುಪದವಿಗೆ ಯೋಗ್ಯರೆಂದು ಎಣಿಸಲಿಲ್ಲ. ಅಣ್ಣನಿಂದ ಲ್ಯಾಟಿನ್ ಭಾಷೆಯನ್ನು ಬಿಡುವಿನ ವೇಳೆಯಲ್ಲಿ ಕಲಿತು ಅವರು ಆ ಎಣಿಕೆಯನ್ನು ಬದಲಿಸಿದರು. 1860ನೆಯ ಅಕ್ಟೋಬರ್ 7ರಂದು ವ್ರತವನ್ನು ಸ್ವೀಕರಿಸಿದಾಗ, ಆ ಸಭೆಯ ಪದ್ಧತಿಯಂತೆ ಅವರು ಬಲಿಪೀಠದ ಮುಂದೆ ಮಲಗಿದರು. ಅವರ ಮೇಲೆ ಶವಸಂಸ್ಕಾರದ ಕರಿಯ ಹೊದಿಕೆಯನ್ನು ಹಾಸಲಾಯಿತು. ಲೋಕಕ್ಕೆ ಸತ್ತವನು ಎಂಬುದರ ಗುರುತು ಅದು. ಇಂತಹ ಆಚಾರಗಳನ್ನು ನಾವೆಲ್ಲರೂ ಯೌವನದಲ್ಲಿ ಭಕ್ತಿಯಿಂದಲೇ ನೆರವೇರಿಸುತ್ತೇವೆ, ಆಮೇಲೆ ಮರೆಯುತ್ತೇವೆ. ದಾಮಿಯನ್ನರು ಮರೆಯಲಿಲ್ಲ.

1863ರಲ್ಲಿ ಹವಾಯಿ ದ್ವೀಪಗಳಿಗೆ ಪ್ರೇಷಿತ ಕಾರ್ಯಕ್ಕಾಗಿ ಹೊರಡಬೇಕಾಗಿದ್ದವರು ಅಣ್ಣ ಪಾಂಫಿಲ್. ಹೊರಡುವ ಮುನ್ನ ಅವರು ಟೈಫಸ್ ಜ್ವರದಿಂದ ಹಾಸಿಗೆ ಹಿಡಿದರು. ಇನ್ನೂ ಗುರುದೀಕ್ಷೆಯಾಗದ ತಮ್ಮನು, ತನ್ನ ಮಠದ ಹಿರಿಯರನ್ನು ಕೇಳದೆ ನೇರವಾಗಿ ಪ್ಯಾರಿಸಿನಲ್ಲಿದ್ದ ಸಭೆಯ ಮಹಾಶ್ರೇಷ್ಠರಿಗೆ ಪತ್ರ ಬರೆದು, ಅಣ್ಣನ ಸ್ಥಾನವನ್ನು ತನಗೆ ಕೊಡಬೇಕೆಂದು ಬೇಡಿಕೊಂಡನು. ಅನುಮತಿ ಬಂದಿತು; ಮಠದ ಹಿರಿಯರಿಗೆ ಅಸಮಾಧಾನವೂ ಆಯಿತು. ವಿಧೇಯತೆಯ ದೃಷ್ಟಿಯಿಂದ ನೋಡಿದರೆ ಇದು ಮಾದರಿಯ ನಡತೆಯಲ್ಲ. ನಮ್ಮ ಕೈಕೆಳಗಿನ ಸಹಾಯಕ ಗುರುಗಳು ಹೀಗೆ ಮಾಡಿದರೆ ನಮಗೂ ಹಿಡಿಸಲಾರದು. ಆದರೆ ಈ ಹಟಮಾರಿತನ ಕೊನೆಯವರೆಗೂ ಅವರ ಜೊತೆಯಲ್ಲಿತ್ತು, ಮತ್ತು ಅದು ಇಲ್ಲದಿದ್ದರೆ ಅವರ ಕೆಲಸಗಳಲ್ಲಿ ಅರ್ಧವೂ ಆಗುತ್ತಿರಲಿಲ್ಲ ಎಂಬುದೂ ಸತ್ಯ. ಮಾತೆ ಮರಿಯಮ್ಮನವರ ಯಾತ್ರಾಸ್ಥಳವಾದ ಸ್ಕೆರ್ಪೆನ್‌ಹ್ಯೂವೆಲ್‌ನಲ್ಲಿ ತಾಯಿಯಿಂದ ಬೀಳ್ಕೊಂಡರು. ತಾಯಿ ಮಗ ಮತ್ತೆ ಒಬ್ಬರನ್ನೊಬ್ಬರು ಕಾಣಲಿಲ್ಲ.

ತಿಂಗಳುಗಟ್ಟಲೆ ಹಡಗಿನಲ್ಲಿ ಪಯಣಿಸಿ 1864ನೆಯ ಮಾರ್ಚ್ 19ರಂದು, ಸಂತ ಯೋಸೇಫರ ಹಬ್ಬದ ದಿನ, ಅವರು ಹೊನೊಲುಲು ಬಂದರಿನಲ್ಲಿ ಇಳಿದರು. ಅಲ್ಲಿಯ ಪ್ರಧಾನಾಲಯದಲ್ಲಿ ಅದೇ ವರ್ಷ ಮೇ 21ರಂದು ಗುರುದೀಕ್ಷೆಯಾಯಿತು. ಮುಂದಿನ ಒಂಬತ್ತು ವರ್ಷಗಳು ಹವಾಯಿಯ ದೊಡ್ಡ ದ್ವೀಪದಲ್ಲಿ ಕಳೆದವು. ಜ್ವಾಲಾಮುಖಿಗಳ ನಾಡು, ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ಸುತ್ತಬೇಕಾದ ವಿಸ್ತಾರವಾದ ಧರ್ಮಕೇಂದ್ರ. ಅಲ್ಲಿಯ ಜನರ ಭಾಷೆಯನ್ನು ಕಲಿತರು, ಮರ ಕಡಿದು ತಮ್ಮ ಕೈಯಾರೆ ಪ್ರಾರ್ಥನಾಲಯಗಳನ್ನು ಕಟ್ಟಿದರು. ಈ ವರ್ಷಗಳಲ್ಲಿ ಅವರನ್ನು ಕಾಡಿದ್ದು ಏಕಾಂತ. ನೆರೆಯ ಗುರುವನ್ನು ಕಾಣಲು ದಿನಗಟ್ಟಲೆ ನಡೆಯಬೇಕಾಗಿತ್ತು.

ಇತ್ತ ಆ ದ್ವೀಪಗಳ ಜನರಲ್ಲಿ ಹೊರಗಿನಿಂದ ಬಂದ ರೋಗಗಳು ಹರಡುತ್ತಿದ್ದವು. ಅವುಗಳಲ್ಲಿ ಅತಿ ಭಯಂಕರವಾದುದೆಂದು ಎಲ್ಲರೂ ಬಗೆದದ್ದು ಕುಷ್ಠರೋಗ. 1865ರಲ್ಲಿ ಐದನೆಯ ಕಮೆಹಮೆಹಾ ರಾಜನ ಸರಕಾರವು ರೋಗಿಗಳನ್ನು ಬೇರ್ಪಡಿಸುವ ಶಾಸನವನ್ನು ಮಾಡಿತು. 1866ನೆಯ ಜನವರಿಯಿಂದ ಅವರನ್ನು ಮೊಲೊಕಾಯಿ ದ್ವೀಪದ ಉತ್ತರ ಭಾಗದ ಒಂದು ಭೂಶಿರಕ್ಕೆ ಸಾಗಿಸತೊಡಗಿದರು. ಆ ಸ್ಥಳಕ್ಕೆ ಬೇಲಿಯೂ ಬೇಡ, ಕಾವಲೂ ಬೇಡ. ಮೂರು ಕಡೆ ಅಲೆಗಳು ಅಪ್ಪಳಿಸುವ ಸಮುದ್ರ. ನಾಲ್ಕನೆಯ ಕಡೆ ಸುಮಾರು ಎರಡು ಸಾವಿರ ಅಡಿಗಳ ಎತ್ತರದ ಕಡಿದಾದ ಬೆಟ್ಟದ ಗೋಡೆ. ಹೆಂಡತಿಯನ್ನು ಗಂಡನಿಂದ, ಮಗುವನ್ನು ತಾಯಿಯಿಂದ ಬೇರೆ ಮಾಡಿ ಅಲ್ಲಿ ಇಳಿಸಿ ಬರುತ್ತಿದ್ದರು. 1969ರಲ್ಲಿ ಆ ಶಾಸನ ರದ್ದಾಗುವವರೆಗೆ ಅಲ್ಲಿಗೆ ಹೋದವರು ಸುಮಾರು ಎಂಟು ಸಾವಿರ ಮಂದಿ. ಸರಕಾರದವರು ಕ್ರೂರಿಗಳೆಂದು ನಾವು ಹೇಳಲಾರೆವು. ಔಷಧವಿಲ್ಲದ ರೋಗಕ್ಕೆ ಹೆದರಿದ ಜನ ಎಲ್ಲ ಕಾಲದಲ್ಲೂ ಹೀಗೆಯೇ ನಡೆದುಕೊಂಡಿದ್ದಾರೆ. ರೋಗಿಗಳು ಬೇಸಾಯ ಮಾಡಿ ತಮ್ಮ ಹೊಟ್ಟೆ ಹೊರೆದುಕೊಳ್ಳುವರೆಂದು ಅವರು ಲೆಕ್ಕ ಹಾಕಿದ್ದರು. ಬೆರಳುಗಳನ್ನು ಕಳೆದುಕೊಂಡವರು ಗುದ್ದಲಿಯನ್ನು ಹಿಡಿಯುವುದು ಹೇಗೆ ಎಂಬುದನ್ನು ಯೋಚಿಸಿರಲಿಲ್ಲ.

1873ನೆಯ ಮೇ ತಿಂಗಳ ಆರಂಭದಲ್ಲಿ ಮಾವುಯಿ ದ್ವೀಪದ ವೈಲುಕು ಎಂಬಲ್ಲಿ ಹೊಸ ದೇವಾಲಯದ ಪ್ರತಿಷ್ಠೆಗಾಗಿ ಗುರುಗಳೆಲ್ಲರೂ ಸೇರಿದ್ದರು. ಧರ್ಮಾಧ್ಯಕ್ಷ ಮೈಗ್ರೆ ಅವರು ಮೊಲೊಕಾಯಿಯ ವಿಶ್ವಾಸಿಗಳು ಗುರುವಿಲ್ಲದೆ ಸಾಯುತ್ತಿರುವುದನ್ನು ಹೇಳಿ, ಆದರೆ ಯಾರಿಗೂ ಅಲ್ಲಿಗೆ ಹೋಗೆಂದು ಆಜ್ಞಾಪಿಸಲು ತಮ್ಮ ಮನಸ್ಸು ಒಪ್ಪದೆಂದು ತಿಳಿಸಿದರು. ನಾಲ್ವರು ಗುರುಗಳು ಸರದಿಯ ಮೇಲೆ ಹೋಗಲು ಮುಂದೆ ಬಂದರು. ಮೊದಲ ಸರದಿ ದಾಮಿಯನ್ನರದು. ಅವರು ಹೋದ ಮೇಲೆ ಎರಡನೆಯ ಸರದಿ ಬರಲೇ ಇಲ್ಲ. ಅಲ್ಲಿಯೇ ಉಳಿಯುವೆನೆಂದು ಅವರೇ ಬೇಡಿಕೊಂಡರು. ವ್ರತದ ದಿನ ತಮ್ಮ ಮೇಲೆ ಹಾಸಿದ ಕರಿಯ ಹೊದಿಕೆ ಆಗ ಅವರಿಗೆ ನೆನಪಾಗಿತ್ತು.

ಮೇ 10ರಂದು ಅವರು ಧರ್ಮಾಧ್ಯಕ್ಷರೊಂದಿಗೆ ಕಲವಾವೊದ ದಡದಲ್ಲಿ ಇಳಿದರು. ವಯಸ್ಸು ಮೂವತ್ತಮೂರು. ಅದೇ ಹಡಗಿನಲ್ಲಿ ಹೊಸ ರೋಗಿಗಳ ಗುಂಪೂ ಜಾನುವಾರುಗಳೂ ಬಂದಿದ್ದವು. ಸಂತ ಫಿಲೋಮಿನಮ್ಮನವರ ಹೆಸರಿನ ಪುಟ್ಟ ಮರದ ದೇವಾಲಯವೊಂದು ಹಿಂದಿನ ವರ್ಷ ಅಲ್ಲಿ ಎದ್ದಿತ್ತು, ಗುರುವಿಗೆ ಮನೆಯಿರಲಿಲ್ಲ. ದೇವಾಲಯದ ಪಕ್ಕದ ಕೇದಗೆ ಜಾತಿಯ ಒಂದು ಮರದ ಕೆಳಗೆ ಅವರು ವಾರಗಟ್ಟಲೆ ಮಲಗಿದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಸಂತರ ಚರಿತ್ರೆಗಳನ್ನು ಓದುವಾಗ, ಆ ರೋಗಿಗಳನ್ನು ಕಂಡೊಡನೆ ಅವರ ಹೃದಯದಲ್ಲಿ ಪ್ರೀತಿ ಉಕ್ಕಿ ಹರಿಯಿತು ಎಂದು ನಾವು ಭಾವಿಸಿಕೊಳ್ಳುತ್ತೇವೆ. ಆದದ್ದು ಹಾಗಲ್ಲ. ಮೊದಲು ಬಂದದ್ದು ಅಸಹ್ಯ. ಕೊಳೆಯುವ ಹುಣ್ಣುಗಳ ದುರ್ವಾಸನೆಯನ್ನು ತಾಳಲಾರದೆ, ಗುಡಿಸಲಿನಲ್ಲಿ ಸಂಸ್ಕಾರವನ್ನು ಕೊಡುತ್ತಿರುವಾಗಲೇ ಹೊರಗೆ ಓಡಿಬಂದು ಗಾಳಿಯನ್ನು ಸೇವಿಸಬೇಕಾಗುತ್ತಿದ್ದುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಬಟ್ಟೆಗೆ ಅಂಟಿದ ವಾಸನೆಯನ್ನು ಮರೆಸಲು ಹೊಗೆಸೊಪ್ಪಿನ ಚುಂಗಾಣಿಯನ್ನು ಸೇದುವ ಅಭ್ಯಾಸ ಮಾಡಿಕೊಂಡರು. ಪ್ರೀತಿಯ ಭಾವನೆ ಬರಲೆಂದು ಅವರು ಕಾಯುತ್ತ ಕುಳಿತಿರಲಿಲ್ಲ. ಹುಣ್ಣನ್ನು ತೊಳೆದರು, ಬಟ್ಟೆ ಕಟ್ಟಿದರು, ಮರುದಿನ ಮತ್ತೆ ತೊಳೆದರು. ತೊಳೆಯುವ ಕೈಗಳಿಂದ ಪ್ರೀತಿ ನಿಧಾನವಾಗಿ ಹೃದಯಕ್ಕೆ ಏರಿತು.

ನಾವು ಹೊಸದಾಗಿ ಗುರುಗಳಾಗಿದ್ದಾಗ ಒಂದು ಕುಷ್ಠರೋಗಿಗಳ ಆಶ್ರಮದಲ್ಲಿ ಬಲಿಪೂಜೆಯನ್ನು ಅರ್ಪಿಸಲು ಹೋಗಿದ್ದೆವು. ಪರಮಪ್ರಸಾದವನ್ನು ಹಂಚಿ ಬಂದೊಡನೆ, ಯಾರೂ ನೋಡುತ್ತಿಲ್ಲವೆಂದೆಣಿಸಿ, ಹಿತ್ತಲಿನ ನಲ್ಲಿಯಲ್ಲಿ ಸಾಬೂನಿನಿಂದ ಮೊಣಕೈಯವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡೆವು. ತಲೆಯೆತ್ತಿದಾಗ ಕಿಟಕಿಯಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಅವಳು ಏನೂ ಹೇಳಲಿಲ್ಲ. ಕೈ ಒರೆಸಲೆಂದು ಒಂದು ಶುಭ್ರವಾದ ಬಟ್ಟೆಯನ್ನು ಕಿಟಕಿಯ ಸರಳುಗಳ ನಡುವಿನಿಂದ ನೀಡಿದಳು. ಅದನ್ನು ತೆಗೆದುಕೊಳ್ಳಲು ಒಂದು ಕ್ಷಣ ನಮ್ಮ ಕೈ ಮುಂದೆ ಹೋಗಲಿಲ್ಲ. ದಾಮಿಯನ್ನರ ಜೀವನವನ್ನು ಓದುವಾಗೆಲ್ಲ ಆ ಬಟ್ಟೆ ನೆನಪಿಗೆ ಬರುತ್ತದೆ.

ಕಲವಾವೊದಲ್ಲಿ ದಾಮಿಯನ್ನರು ಮಾಡಿದ ಕೆಲಸ ಗುರುವಿನದು ಮಾತ್ರವಾಗಿರಲಿಲ್ಲ. ಸತ್ತವರನ್ನು ಪೆಟ್ಟಿಗೆಯೂ ಇಲ್ಲದೆ ಆಳವಿಲ್ಲದ ಗುಂಡಿಗಳಲ್ಲಿ ಹೂಳುವುದನ್ನು ಕಂಡು, ಸ್ಮಶಾನಕ್ಕೆ ಬೇಲಿ ಹಾಕಿದರು, ಗುಂಡಿಗಳನ್ನು ತಾವೇ ಆಳವಾಗಿ ಅಗೆದರು, ನೂರಾರು ಶವಪೆಟ್ಟಿಗೆಗಳನ್ನು ತಮ್ಮ ಕೈಯಿಂದಲೇ ಮಾಡಿದರು. ಬದುಕಿರುವಾಗ ಸರಕಾರದ ಕಣ್ಣಿಗೆ ಕಾಣದವನು ಸತ್ತ ಮೇಲಾದರೂ ಮನುಷ್ಯನಂತೆ ಮಣ್ಣಾಗಲಿ ಎಂದು ಅವರ ಹಟ. ಕುಡಿಯುವ ನೀರನ್ನು ರೋಗಿಗಳು ದೂರದಿಂದ ಹೊತ್ತು ತರಬೇಕಾಗಿತ್ತು. ದಾಮಿಯನ್ನರು ವೈಹನಾವು ಕಣಿವೆಯನ್ನು ಹತ್ತಿ ಎಂದೂ ಬತ್ತದ ದೊಡ್ಡ ಮಡುವೊಂದನ್ನು ಕಂಡರು. ಮುಂದೆ ಕೊಳವೆಗಳ ಮೂಲಕ ನೀರು ವಸತಿಗೆ ಇಳಿದು ಬಂದಿತು. 1874ರ ಬಿರುಗಾಳಿಯಲ್ಲಿ ಹುಲ್ಲಿನ ಗುಡಿಸಲುಗಳು ಹಾರಿಹೋದ ಮೇಲೆ ಆರೋಗ್ಯ ಮಂಡಲಿಯವರನ್ನು ಪತ್ರಗಳಿಂದ ಪೀಡಿಸಿ ಮರಮುಟ್ಟುಗಳನ್ನು ತರಿಸಿಕೊಂಡು, ಸುಣ್ಣ ಬಳಿದ ಮರದ ಮನೆಗಳನ್ನು ಕಟ್ಟಿಸಿದರು. ತಾಯಿತಂದೆಗಳಿಲ್ಲದ ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು ಅನಾಥಾಲಯವನ್ನು ತೆರೆದರು. ಗೀತಗಾಯಕರ ತಂಡವನ್ನೂ ವಾದ್ಯದವರ ತಂಡವನ್ನೂ ಕಟ್ಟಿದರು.

ನಮಗೆ ಅವರ ಎಲ್ಲ ಕೆಲಸಗಳಿಗಿಂತ ಹೆಚ್ಚು ಹಿಡಿಸಿದ್ದು ಒಂದು ಸಣ್ಣ ವಿಷಯ. ರೋಗದಿಂದಾಗಿ ಬಾಯಲ್ಲಿ ಸದಾ ಜೊಲ್ಲು ಕಫಗಳು ತುಂಬುತ್ತಿದ್ದುದರಿಂದ ಎಷ್ಟೋ ಜನ ನಾಚಿಕೆಯಿಂದ ದೇವಾಲಯದೊಳಗೆ ಬಾರದೆ ಹೊರಗೆ ನಿಲ್ಲುತ್ತಿದ್ದರು. ದಾಮಿಯನ್ನರು ದೇವಾಲಯದ ಮರದ ನೆಲದಲ್ಲಿ ಅಲ್ಲಲ್ಲಿ ಚೌಕಾಕಾರದ ತೂತುಗಳನ್ನು ಕೊರೆದರು. ಎಲೆಯನ್ನು ಸುರುಳಿ ಸುತ್ತಿ ಆ ತೂತಿನಲ್ಲಿಟ್ಟು ಅದರೊಳಗೆ ಉಗುಳಬಹುದಾಗಿತ್ತು. ಅನಂತರ ಯಾರೂ ಹೊರಗೆ ನಿಲ್ಲಬೇಕಾಗಲಿಲ್ಲ. ದೇವರ ಮನೆಯ ನೆಲವನ್ನು ತೂತು ಮಾಡುವ ಧೈರ್ಯ ಎಷ್ಟು ಮಂದಿ ವಿಚಾರಣಾ ಗುರುಗಳಿಗೆ ಇದ್ದೀತು? ಈ ಶತಮಾನೋತ್ಸವಕ್ಕಾಗಿ ಹೊಸ ನೆಲಗಟ್ಟನ್ನು ಹಾಸಿಸಿ, ಮಕ್ಕಳು ಚಪ್ಪಲಿಯಲ್ಲಿ ಬರದಂತೆ ಎಚ್ಚರಿಸುತ್ತ ನಿಂತವರು ನಾವು.

ಮುಟ್ಟಬಾರದೆಂದು ಹಿರಿಯರು ಎಚ್ಚರಿಸಿದ್ದರೂ ಅವರು ಮುಟ್ಟಿದರು. ಒಂದೇ ಪಾತ್ರೆಗೆ ಕೈಹಾಕಿ ಅವರೊಡನೆ ಪೊಯಿ ಎಂಬ ಗೆಡ್ಡೆಯ ಅಂಬಲಿಯನ್ನು ಉಂಡರು. ತಮ್ಮ ಚುಂಗಾಣಿಯನ್ನು ಕೇಳಿದವರಿಗೆ ಕೊಟ್ಟರು. ಅವರಿಗೂ ರೋಗ ತಗುಲಿದ ಮೇಲೆ ಒಂದು ಭಾನುವಾರ ಬೋಧನಾಪೀಠದಿಂದ ಮೊದಲ ಬಾರಿಗೆ ಕುಷ್ಠರೋಗಿಗಳಾದ ನಾವು ಎಂದು ಸಂಬೋಧಿಸಿದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಗುರುಮಠದಲ್ಲಿ ನಮಗೂ ಹಾಗೆಯೇ ಹೇಳಿದ್ದರು. ಆದರೆ ಅವರು ಬಂದ ವರ್ಷವೇ, 1873ರ ನವೆಂಬರಿನಲ್ಲಿ, ಅಣ್ಣನಿಗೆ ಬರೆದ ಪತ್ರದಲ್ಲಿ ತಾವು ಬೋಧನೆಯಲ್ಲಿ ಸಹೋದರರೇ ಎನ್ನದೆ ತಮ್ಮನ್ನೂ ಸೇರಿಸಿಕೊಂಡು ಮಾತನಾಡುವುದಾಗಿ ತಿಳಿಸಿದ್ದಾರೆ. ಮೈಯಲ್ಲಿ ಒಂದು ಕಲೆಯೂ ಇಲ್ಲದಿದ್ದಾಗ ಹೇಳಿದ ಮಾತು ಅದು. ನಮ್ಮಲ್ಲಿ ತುಳು ಬಲ್ಲವರಿಗೆ, ಕೇಳುವವರನ್ನು ಹೊರಗಿಟ್ಟು ಹೇಳುವ ಎಂಕುಲು ಬೇರೆ, ಅವರನ್ನೂ ಒಳಗೊಳ್ಳುವ ನಮ ಬೇರೆ ಎಂಬುದು ಗೊತ್ತಿದೆ. ಹವಾಯಿಯ ಭಾಷೆಯಲ್ಲೂ ಹೀಗೆಯೇ ಎರಡು ಪದಗಳುಂಟು. ಈ ಲೇಖನದಲ್ಲಿ ನಾವು ನಾವು ಎಂದು ಬರೆಯುತ್ತಿರುವುದಾದರೋ ಬರಿಯ ಗುರುಮಠದ ಅಭ್ಯಾಸಬಲ.

ಅವರ ನಿಜವಾದ ಶಿಲುಬೆ ರೋಗಕ್ಕಿಂತ ಮೊದಲೇ ಬಂದಿತ್ತು. ಬಂದ ಕೆಲವೇ ತಿಂಗಳುಗಳಲ್ಲಿ ಆರೋಗ್ಯ ಮಂಡಲಿಯು ಅವರು ವಸತಿಯನ್ನು ಬಿಟ್ಟು ಹೊರಗೆ ಹೋಗಬಾರದೆಂದು ವಿಧಿಸಿತು. ಆ ಕಾಲದಲ್ಲಿ ಒಮ್ಮೆ ಸಭೆಯ ಹಿರಿಯ ಗುರುಗಳು ಹಡಗಿನಲ್ಲಿ ಬಂದರು. ದಡಕ್ಕಿಳಿಯಲು ಕಪ್ತಾನನು ಬಿಡಲಿಲ್ಲ. ದಾಮಿಯನ್ನರು ಪುಟ್ಟ ದೋಣಿಯಲ್ಲಿ ಹಡಗಿನ ಮಗ್ಗುಲಿಗೆ ಹೋಗಿ, ಮೇಲಿನ ಅಂಚಿಗೆ ಬಾಗಿ ನಿಂತ ಗುರುಗಳಿಗೆ ಕೆಳಗಿನಿಂದಲೇ ಫ್ರೆಂಚ್ ಭಾಷೆಯಲ್ಲಿ ಗಟ್ಟಿಯಾಗಿ ತಮ್ಮ ಪಾಪಗಳನ್ನು ನಿವೇದಿಸಿದರು. ಹಡಗಿನ ಜನ ನೋಡುತ್ತಿದ್ದರು. ಅಲ್ಲಿಂದಲೇ ಪಾಪಕ್ಷಮೆಯನ್ನು ಪಡೆದು ಹಿಂದಿರುಗಿದರು. ನಿಷೇಧ ಆಮೇಲೆ ಸಡಿಲವಾಯಿತಾದರೂ ಏಕಾಂತ ಸಡಿಲವಾಗಲಿಲ್ಲ. ನಡುವೆ ಬಂದ ಜೊತೆಗುರುಗಳೊಡನೆ ಹೊಂದಾಣಿಕೆಯಾಗಲಿಲ್ಲ. ತಪ್ಪು ಎರಡೂ ಕಡೆ ಇತ್ತು. ಪತ್ರಿಕೆಗಳು ಅವರನ್ನು ಹೊಗಳತೊಡಗಿದಾಗ, ಲಂಡನ್ನಿನಲ್ಲಿ ಆಂಗ್ಲಿಕನ್ ಗುರುವೊಬ್ಬರು ಅವರಿಗಾಗಿ ಹಣ ಕೂಡಿಸಿ ಕಳುಹಿಸಿದಾಗ, ಹೊನೊಲುಲುವಿನ ಮೇಲಧಿಕಾರಿಗಳು ಅವರು ಹೆಸರಿಗಾಗಿ ಹಂಬಲಿಸುತ್ತಿದ್ದಾರೆಂದು ಸಂಶಯಪಟ್ಟರು. ಆ ಸಂಶಯ ಅವರನ್ನು ರೋಗಕ್ಕಿಂತ ಹೆಚ್ಚಾಗಿ ನೋಯಿಸಿತು.

1884ನೆಯ ಡಿಸೆಂಬರಿನಲ್ಲಿ ಒಂದು ದಿನ ದಣಿದು ಬಂದು ಕಾಲು ನೆನೆಸಲು ನೀರಿನಲ್ಲಿಟ್ಟರು. ಚರ್ಮದ ಮೇಲೆ ಬೊಬ್ಬೆಗಳೆದ್ದವು, ನೋವು ತಿಳಿಯಲಿಲ್ಲ. ನೀರು ಕುದಿಯುವಷ್ಟು ಬಿಸಿಯಾಗಿತ್ತು. ಇಷ್ಟು ವರ್ಷ ಇತರರಲ್ಲಿ ಕಂಡ ಲಕ್ಷಣವನ್ನು ತಮ್ಮಲ್ಲಿ ಗುರುತಿಸಲು ಅವರಿಗೆ ವೈದ್ಯರು ಬೇಕಾಗಿರಲಿಲ್ಲ. ಸ್ವಾರಸ್ಯವೆಂದರೆ, ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ ಈ ರೋಗದ ಕ್ರಿಮಿಯನ್ನು ಕಂಡುಹಿಡಿದದ್ದು ದಾಮಿಯನ್ನರು ಮೊಲೊಕಾಯಿಯಲ್ಲಿ ಇಳಿದ 1873ರಲ್ಲೇ. ಆದರೆ ಆ ಕ್ರಿಮಿಯನ್ನು ಗೆಲ್ಲುವ ಔಷಧಗಳು ಮೊಲೊಕಾಯಿಯನ್ನು ಮುಟ್ಟಿದ್ದು 1946ರಲ್ಲಿ. ಮಗನ ರೋಗದ ಸುದ್ದಿ ಬೆಲ್ಜಿಯಮ್ಮಿನ ಪತ್ರಿಕೆಗಳಲ್ಲಿ ಬಂದಿತು. 1886ರಲ್ಲಿ ವೃದ್ಧ ತಾಯಿ ತೀರಿಕೊಂಡರು.

ಆಶ್ಚರ್ಯವೆಂದರೆ ಈ ಕೊನೆಯ ವರ್ಷಗಳಲ್ಲಿಯೇ ಅವರು ತಮ್ಮ ಪತ್ರವೊಂದರಲ್ಲಿ ತಮಗಿಂತ ಸಂತುಷ್ಟನಾದ ಪ್ರೇಷಿತನು ಲೋಕದಲ್ಲಿಲ್ಲವೆಂಬ ಅರ್ಥದಲ್ಲಿ ಬರೆದರು. ಇದನ್ನು ಬರೆದ ಮನುಷ್ಯನ ಕಿವಿಗಳು ಊದಿದ್ದವು, ಹುಬ್ಬುಗಳು ಉದುರಿದ್ದವು. ಅವರು ಸುಳ್ಳು ಹೇಳುವವರಲ್ಲ. ತಮ್ಮ ಖಿನ್ನತೆಯನ್ನೂ ಕಣ್ಣೀರನ್ನೂ ಇತರ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದವರು. ದುಃಖವೂ ಸಂತೋಷವೂ ಒಂದೇ ಹೃದಯದಲ್ಲಿ ಅಕ್ಕಪಕ್ಕದಲ್ಲಿ ವಾಸಿಸಬಲ್ಲವೆಂಬುದನ್ನು, ಬಹುಕಾಲ ಹಾಸಿಗೆ ಹಿಡಿದ ಗಂಡನನ್ನೋ ಅತ್ತೆಯನ್ನೋ ನೋಡಿಕೊಂಡ ನಮ್ಮ ಧರ್ಮಕೇಂದ್ರದ ಕೆಲವು ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು.

ಸಹಾಯಕರು ಕೊನೆಗಾಲದಲ್ಲಿ ಬಂದರು. 1886ರ ಜುಲೈಯಲ್ಲಿ ಜೋಸೆಫ್ ಡಟ್ಟನ್ ಎಂಬ ಅಮೆರಿಕದ ಮಾಜಿ ಸೈನಿಕರು ಯಾರೂ ಕರೆಯದೆ ಬಂದಿಳಿದರು. ತಮ್ಮ ಹಿಂದಿನ ಜೀವನಕ್ಕೆ ಪ್ರಾಯಶ್ಚಿತ್ತವನ್ನು ಹುಡುಕುತ್ತಿದ್ದ ಅವರು ನಲವತ್ತಕ್ಕೂ ಹೆಚ್ಚು ವರ್ಷ ಅಲ್ಲಿಯೇ ದುಡಿದರು. 1888ರಲ್ಲಿ ಬೆಲ್ಜಿಯಂ ಮೂಲದ ಗುರು ಕಾನ್ರಾರ್ಡಿ ಬಂದರು. ಕೊನೆಗೂ ಪಾಪನಿವೇದನೆ ಕೇಳುವವರು ಪಕ್ಕದಲ್ಲೇ ಸಿಕ್ಕಿದರು. ಅದೇ ವರ್ಷ ನವೆಂಬರಿನಲ್ಲಿ ಮದರ್ ಮೇರಿಯಾನ್ ಕೋಪ್ ಅವರು ಧರ್ಮಸೋದರಿಯರೊಡನೆ ಬಂದು, ಅನಾಥ ಮಕ್ಕಳನ್ನು ತಾವು ನೋಡಿಕೊಳ್ಳುವೆವೆಂದು ಅಭಯವನ್ನಿತ್ತರು. ಅವರನ್ನೂ 2012ರಲ್ಲಿ ಶ್ರೀಸಭೆ ಸಂತರ ಸಾಲಿಗೆ ಸೇರಿಸಿತು. ಮಕ್ಕಳ ಭಾರ ಇಳಿದ ಮೇಲೆ ದಾಮಿಯನ್ನರು ಹೋಗಲು ಸಿದ್ಧರಾದರು. 1889ನೆಯ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ಪ್ರಭುವಿನಲ್ಲಿ ನಿದ್ರಿಸಿದರು. ಮೊದಲ ರಾತ್ರಿಗಳಲ್ಲಿ ಮಲಗಿದ್ದ ಅದೇ ಮರದ ಕೆಳಗೆ ಅವರನ್ನು ಸಮಾಧಿ ಮಾಡಲಾಯಿತು.

ಸತ್ತ ಮೇಲೂ ನಿಂದೆ ತಪ್ಪಲಿಲ್ಲ. ಹೊನೊಲುಲುವಿನ ಪ್ರೊಟೆಸ್ಟಂಟ್ ಬೋಧಕರಾದ ಹೈಡ್ ಎಂಬವರು ಬರೆದ ಪತ್ರವೊಂದು ಪ್ರಕಟವಾಯಿತು. ದಾಮಿಯನ್ ಒರಟರು, ಕೊಳಕರು, ಹಟಮಾರಿಗಳು, ಶೀಲದಲ್ಲೂ ಶುದ್ಧರಲ್ಲ ಎಂದು ಅದರಲ್ಲಿತ್ತು. ಅದಕ್ಕೆ 1890ರಲ್ಲಿ ಉತ್ತರ ಕೊಟ್ಟವರು ಕಥೋಲಿಕರಲ್ಲ. ಪ್ರೆಸ್ಬಿಟೀರಿಯನ್ ಮನೆತನದಲ್ಲಿ ಬೆಳೆದ ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. ಅವರು ತಾವೇ ಮೊಲೊಕಾಯಿಗೆ ಹೋಗಿ ರೋಗಿಗಳ ನಡುವೆ ಕೆಲದಿನಗಳಿದ್ದು ವಿಚಾರಿಸಿ ಬಂದಿದ್ದರು. ಒರಟುತನವನ್ನೂ ಹಟವನ್ನೂ ಅವರು ಅಲ್ಲಗಳೆಯಲಿಲ್ಲ. ಶೀಲದ ಮೇಲಿನ ಆರೋಪವನ್ನು ಮಾತ್ರ ಉರಿಯುವ ಮಾತುಗಳಿಂದ ಸುಟ್ಟುಹಾಕಿದರು. ಸಂತರ ದೋಷಗಳನ್ನು ಮುಚ್ಚಿ ಬರೆಯುವ ನಮ್ಮಂತಹವರಿಗಿಂತ ಅವರೇ ದಾಮಿಯನ್ನರಿಗೆ ಹೆಚ್ಚು ಉಪಕಾರ ಮಾಡಿದರೆಂದು ತೋರುತ್ತದೆ.

ಅದೇ ವರ್ಷ, 1890ರಲ್ಲಿ, ನಮ್ಮ ನಾಡಿನ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಆಗುಸ್ಟಸ್ ಮುಲ್ಲರ್ ಅವರು ಕುಷ್ಠರೋಗಿಗಳಿಗಾಗಿ ಆಶ್ರಮವನ್ನು ತೆರೆದರು. ಹತ್ತು ವರ್ಷಗಳ ಹಿಂದೆ ಅವರು ಹೋಮಿಯೋಪತಿ ಔಷಧಗಳನ್ನು ಹಂಚುತ್ತ ಆರಂಭಿಸಿದ ಸೇವೆ ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದು ನಿಂತಿದೆ.

ಅಣ್ಣ ಪಾಂಫಿಲ್ ಲೂವೆನ್ನಿನಲ್ಲಿ ವಿದ್ವಾಂಸರಾಗಿ ಬಾಳಿದರು. ತಾವು ಹೋಗಬೇಕಾಗಿದ್ದ ಜಾಗಕ್ಕೆ ಅವರು ತಮ್ಮ ಇಳಿವಯಸ್ಸಿನಲ್ಲಿ, 1895ರಲ್ಲಿ, ಹೋದರು. ದೇಹ ಹೊಂದಿಕೊಳ್ಳದೆ ಒಂದೆರಡು ವರ್ಷಗಳಲ್ಲಿ ಹಿಂದಿರುಗಿದರು. 1936ರಲ್ಲಿ ದಾಮಿಯನ್ನರ ಅಸ್ಥಿಗಳನ್ನು ಬೆಲ್ಜಿಯಂ ಸರಕಾರವು ಹಡಗಿನಲ್ಲಿ ತರಿಸಿಕೊಂಡಿತು. ಆಂಟ್ವರ್ಪ್ ಬಂದರಿನಲ್ಲಿ ರಾಜ ಮೂರನೆಯ ಲಿಯೋಪೋಲ್ಡರೇ ನಿಂತು ಬರಮಾಡಿಕೊಂಡರು. ಲೂವೆನ್ನಿನ ಸಂತ ಅಂತೋಣಿಯವರ ಪ್ರಾರ್ಥನಾಲಯದಲ್ಲಿ ಅವನ್ನು ಇರಿಸಲಾಯಿತು. ಜಗದ್ಗುರು ಎರಡನೆಯ ಜಾನ್ ಪೌಲರು 1995ನೆಯ ಜೂನ್ 4ರಂದು ಬ್ರಸೆಲ್ಸಿನಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2009ನೆಯ ಅಕ್ಟೋಬರ್ 11ರಂದು ರೋಮಿನಲ್ಲಿ ಸಂತರೆಂದೂ ಘೋಷಿಸಿದರು. ಅವರ ಹಬ್ಬ ಮೇ 10, ಅಂದರೆ ಮೊಲೊಕಾಯಿಯ ದಡದಲ್ಲಿ ಅವರು ಇಳಿದ ದಿನ.

ಅಸ್ಥಿಗಳನ್ನು ಕೊಂಡೊಯ್ದಾಗ ಮೊಲೊಕಾಯಿಯ ರೋಗಿಗಳು ಬಹಳ ದುಃಖಪಟ್ಟಿದ್ದರು. ಪುನೀತ ಪದವಿಯ ವರ್ಷ ಅವರ ಬಲಗೈಯ ಅವಶೇಷವನ್ನು ಹಿಂದಕ್ಕೆ ಕೊಡಲಾಯಿತು. ಹುಣ್ಣುಗಳನ್ನು ತೊಳೆದ, ಪೆಟ್ಟಿಗೆಗಳಿಗೆ ಮೊಳೆ ಹೊಡೆದ, ಪರಮಪ್ರಸಾದವನ್ನು ನೀಡಿದ ಆ ಕೈಯನ್ನು ಕಲವಾವೊದಲ್ಲಿ, ಸಂತ ಫಿಲೋಮಿನಮ್ಮನವರ ದೇವಾಲಯದ ಪಕ್ಕದ ಹಳೆಯ ಸಮಾಧಿಯಲ್ಲಿ, ಮತ್ತೆ ಮಣ್ಣಿಗಿಟ್ಟರು.